ಹತ್ತು ಗಜ

ಶುಕ್ರವಾರ ಸಂಜೆ ಏಳಕ್ಕೆ ಹ್ಯಾರೋ ಫೋರ್ಕಿನಲ್ಲಿ
ಕಳ್ಳತನ ಬಲು ಸಲೀಸು,
ಯಾವ ಮನೆಯಲ್ಲೂ ಒಂದು ನರಪಿಳ್ಳೆ ಇರುವುದಿಲ್ಲ.
ಆದರೇನು, ಕಳ್ಳರೂ ಮ್ಯಾಚಿಗೇ ಬಂದಿರುತ್ತಾರೆ.

ಉಕ್ಕಿನ ಕಾರ್ಖಾನೆ ಆರಿಹೋದ ಮೇಲೆ
ಊರಲ್ಲಿ ಉರಿಯುತ್ತ ಉಳಿದದ್ದು
ಹೈಸ್ಕೂಲ್ ಮೈದಾನದ ನಾಲ್ಕು ದೀಪದ ಕಂಬ.
ನೂರ ಎಂಬತ್ತು ಮಕ್ಕಳ ಶಾಲೆ,
ನಾಲ್ಕು ಸಾವಿರ ಗಂಟಲು.
ಹೆರಿಗೆ ನೋವಿನ ನಡುವೆ ರೊಸಾನಾ
‘ಅಯ್ಯೋ, ಮೊದಲು ರೇಡಿಯೊ ಜೋರು ಮಾಡಿ’ ಅಂದದ್ದು
ಇನ್ನೂ ಜನರ ಬಾಯಲ್ಲಿದೆ.

ನನ್ನದು ಸರಪಳಿ ಹಿಡಿಯುವ ಕೆಲಸ.
ಇಪ್ಪತ್ತೊಂಬತ್ತು ವರ್ಷ.
ಗೆರೆಯ ಅಂಚಿಗೆ ಈ ಕೋಲು ನನ್ನದು,
ಆ ಕೋಲು ಆಗಿ ಪಾಲ್ಕೊನದು,
ನಡುವೆ ಹತ್ತು ಗಜ ಕಬ್ಬಿಣ.
ನಾಲ್ಕು ಸಲದೊಳಗೆ ಅಷ್ಟು ದಾಟಿದರೆ ಚೆಂಡು ನಿನ್ನದು,
ಇಲ್ಲವೋ, ಅವರದು. ಇಷ್ಟೇ ಫುಟ್‌ಬಾಲು;
ಮಿಕ್ಕದ್ದೆಲ್ಲ ಮಂಡಿಚಿಪ್ಪು.

ಸರಪಳಿ ಹಿಡಿದವನು ಕೂಗುವಂತಿಲ್ಲ.
ಕುಣಿಯುವಂತಿಲ್ಲ. ಬಿಳಿ ಅಂಗಿ, ಬೀಗ ಹಾಕಿದ ಬಾಯಿ.
ನನ್ನ ಮಗ ಅರವತ್ತು ಗಜ ಓಡಿದ ರಾತ್ರಿ
ಕೋಲು ಕಿತ್ತುಕೊಂಡು ನಾನೂ ಗೆರೆಗುಂಟ ಓಡಿದೆ,
ಓಡುವುದು ಡ್ಯೂಟಿ ಆದ್ದರಿಂದ.
ಕೆನ್ನೆ ಒಳಗಿಂದ ಕಚ್ಚಿ ಕಚ್ಚಿ
ಅಲ್ಲೊಂದು ಗಂಟು ಕಟ್ಟಿದೆ.
ಹಲ್ಲಿನ ಡಾಕ್ಟರು, ಹೊಗೆಸೊಪ್ಪೇ ಅಂತ ಕೇಳುತ್ತಾರೆ.

ಕೊನೆಯ ಶುಕ್ರವಾರ ಬಂತು.
ಬರುವ ವರ್ಷ ನಮ್ಮ ಶಾಲೆಯನ್ನು
ನದಿಯಾಚೆಯ ವೆಸ್ಟ್ ಆಲ್ಬನ್ನಿಗೆ ಸೇರಿಸಿ ಹೊಲಿಯುತ್ತಾರೆ:
ನಮ್ಮ ಕುಂಕುಮಗೆಂಪೂ ಬೇಡ, ಅವರ ಹಸಿರೂ ಬೇಡ,
ಬೂದಿ ಬಣ್ಣವಂತೆ. ಕಮಿಟಿ ಆರಿಸಿದ್ದು.
ಅವತ್ತು ಎದುರಿಗಿದ್ದವರೂ ಅವರೇ.
ಮೂರು ಪಾಯಿಂಟ್ ಹಿಂದಿದ್ದೆವು, ನಲವತ್ತು ಸೆಕೆಂಡು ಬಾಕಿ,
ನಾಲ್ಕನೆಯ ಸಲ. ಮಸ್ಕರೆಲ್ಲಿಯ ಕಿರಿ ಮಗ
ಚೆಂಡನ್ನು ಎಳೆಕೂಸಿನಂತೆ ಅವುಚಿಕೊಂಡು ನುಗ್ಗಿದ.
ಅವನ ಮೇಲೆ ಏಳು ಜನ.
ರೆಫರಿ ನಮ್ಮ ಕಡೆ ಕೈಬೀಸಿದ.

ನಾಲ್ಕು ಸಾವಿರ ಜನ ಉಸಿರು ಹಿಡಿದರೆ
ಮೊನೊಂಗಹೇಲಾ ಹರಿಯುವುದು ಕೇಳಿಸುತ್ತದೆ,
ನನಗೂ ಅಂದೇ ಗೊತ್ತಾದದ್ದು.
ಆಗಿ ನಡೆಯುತ್ತಲೇ ಪಿಸುಗುಟ್ಟಿದ:
‘ಎಮಿಲ್, ಒಂಚೂರು ಸಡಿಲ ಬಿಡು.’
ಎಳೆದೆ. ಯಾವತ್ತೂ ಎಳೆಯುವ ಹಾಗೆ,
ಕೊಂಡಿ ಕೊಂಡಿಯೂ ಕಿರುಗುಟ್ಟುವ ತನಕ.
ಚೆಂಡಿನ ಮೂಗು
ಕೋಲಿಗಿಂತ ಹೆಬ್ಬೆರಳಷ್ಟು ಹಿಂದೆ.

ಮರುದಿನ ಬೇಕರಿಯ ಲೆನೋರಾ
ನನ್ನ ಕಾಫಿಗೆ ದುಡ್ಡು ಕೇಳಿದಳು, ಮೊತ್ತಮೊದಲ ಸಲ.
ಎಣಿಸಿಕೊಂಡಳು ಕೂಡ.

ಶಾಲೆಯ ಸಾಮಾನು ಹರಾಜಾಗುವಾಗ
ಸರಪಳಿಗೆ ಯಾರೂ ಬೆಲೆ ಕೂಗಲಿಲ್ಲ.
ಆರು ಡಾಲರಿಗೆ ತಂದೆ.
ಒಂದು ಮಧ್ಯಾಹ್ನ ಕೈಗೆ ಕೆಲಸವಿಲ್ಲದೆ
ಮನೆ ಮುಂದಿನ ಸಿಮೆಂಟಿನ ಮೇಲೆ ಅದನ್ನು ಚಾಚಿ
ಸುಮ್ಮನೆ ಟೇಪು ಹಿಡಿದೆ. ಕನ್ನಡಕ ಒರೆಸಿಕೊಂಡು
ಇನ್ನೊಮ್ಮೆ ಹಿಡಿದೆ.
ಹತ್ತು ಗಜ, ಮೇಲೊಂದು ಹೆಬ್ಬೆರಳು,
ಅದರ ಮೇಲೊಂದು ಉಗುರು.
ಕೊಂಡಿಗಳ ಸಂದೆಲ್ಲ ಸವೆದಿತ್ತು.
ಸವೆಸಿದ್ದು ಈ ಕೈ.

ಆಗಿಗೆ ಹೇಳಿಲ್ಲ. ಲೆನೋರಾಳಿಗೆ ಹೇಳುವುದುಂಟೇ.
ಮಸ್ಕರೆಲ್ಲಿಯ ಹುಡುಗ ಟಯರ್ ಅಂಗಡಿಯಲ್ಲಿದ್ದಾನೆ;
ಎರಡು ಸಲ ಹೋದೆ,
ಎರಡು ಸಲವೂ ಗಾಳಿ ತುಂಬಿಸಿಕೊಂಡು ಬಂದೆ.
ಯಾವ ವರ್ಷದಿಂದ ಉದ್ದವಾಗುತ್ತ ಬಂತೋ ಯಾರು ಬಲ್ಲರು.
ಗೆರೆಯ ಹತ್ತಿರ ಬಿದ್ದವರ ಮುಖ ಒಂದೊಂದಾಗಿ ಬರುತ್ತವೆ,
ನಮ್ಮ ಹುಡುಗರು, ನದಿಯಾಚೆಯ ಹುಡುಗರು,
ಎಲ್ಲರೂ ಪುಸ್ತಕ ಕೇಳಿದ್ದಕ್ಕಿಂತ
ಹೆಬ್ಬೆರಳಷ್ಟು ಜಾಸ್ತಿ ಓಡಿದವರು.

ಮೊನ್ನೆ ಶುಕ್ರವಾರ ಏಳಕ್ಕೆ
ಗ್ಯಾರೇಜಿನ ಬಾಗಿಲು ಇಳಿಸಿಕೊಂಡು
ಮಗನ ಆ ಅರವತ್ತು ಗಜಕ್ಕೆ ಕೂಗಿದೆ.
ಒಂದೇ ಸಲ.
ಪಕ್ಕದ ಮನೆಯ ನಾಯಿ
ತಿರುಗಿ ಕೂಗಿತು.